ಪಟ್ಟಿಯಲ್ಲಿ ಕಾಣದ ಕಲ್ಲು

ಕೆಲವು ದಿನಗಳ ಹಿಂದೆ ನೆರೆಮನೆಯ ಹುಡುಗಿಯೊಬ್ಬಳು ನನ್ನಲ್ಲಿಗೆ ಬಂದಳು. ಕನ್ನಡ ಎಂ.ಎ. ಓದುತ್ತಿರುವವಳು, ಹಾಸನ ಜಿಲ್ಲೆಯ ಶಾಸನಗಳ ಭಾಷೆಯನ್ನು ಕುರಿತು ಪ್ರಬಂಧ ಬರೆಯಬೇಕಾಗಿತ್ತು. ವಿಶ್ವವಿದ್ಯಾನಿಲಯದ ಗ್ರಂಥಾಲಯದವರು ಕೊಟ್ಟ ಆಕರಗ್ರಂಥಗಳ ಪಟ್ಟಿಯಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹೆಸರನ್ನು ಕಂಡು, ಬಿ. ಎಲ್. ರೈಸ್ ಅವರ ಹಾಸನ ಸಂಪುಟವನ್ನು ಅಂತರಜಾಲದಿಂದ ಇಳಿಸಿಕೊಂಡಿದ್ದಳು. “ಮೇಷ್ಟ್ರೇ, ಇದರಲ್ಲಿ ಹಲ್ಮಿಡಿ ಶಾಸನವೇ ಸಿಗುತ್ತಿಲ್ಲ. ಪುಟ ಏನಾದರೂ ಬಿಟ್ಟುಹೋಗಿದೆಯೇ ನೋಡಿ” ಎಂದಳು.

ಪುಟ ಬಿಟ್ಟುಹೋಗಿರಲಿಲ್ಲ. ಸಂಪುಟ ಅಚ್ಚಾದದ್ದು 1902ರಲ್ಲಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲನ್ನು ಡಾ. ಎಂ. ಎಚ್. ಕೃಷ್ಣ ಅವರು ಗುರುತಿಸಿದ್ದು 1936ರಲ್ಲಿ. ಹುಡುಗಿ ಹಟಮಾರಿಯಾದ್ದರಿಂದ ಕೇಳಿ ತಿಳಿದುಕೊಂಡಳು. ಕೇಳದೆ ಬರೆದುಬಿಡುವವರ ಗತಿಯೇನು?

ಕುತೂಹಲದಿಂದ ಆ ಪಟ್ಟಿಯನ್ನು ನಾನೂ ತರಿಸಿ ನೋಡಿದೆ. ಹೆಸರುಗಳಿಗೇನೂ ಕೊರತೆಯಿಲ್ಲ. ಆದರೆ ಯಾವ ಗ್ರಂಥ ಯಾವ ವರ್ಷದ್ದು, ಯಾವುದನ್ನು ಯಾರು ಮುಂದೆ ತಿದ್ದಿದರು, ಯಾವುದರಲ್ಲಿ ಏನು ಸಿಕ್ಕುವುದಿಲ್ಲ ಎಂಬ ಒಂದು ಮಾತೂ ಅಲ್ಲಿಲ್ಲ. ಕಿಟೆಲರ ನಿಘಂಟು (1894) ಇದೆ. ಅದನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯದಿಂದ ಹೊರತಂದ ನಾಲ್ಕು ಸಂಪುಟಗಳ ಸುಳಿವಿಲ್ಲ. 1970ರಿಂದ 1995ರವರೆಗೆ ಎಂಟು ಸಂಪುಟಗಳಾಗಿ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಬೇರೊಂದು ಪುಟದಲ್ಲಿ, ಕಿಟೆಲರಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಒಂಟಿಯಾಗಿ ಕುಳಿತಿದೆ.

ಇದು ಸಣ್ಣ ದೋಷವೆಂದು ವಾಚಕರು ತಿಳಿಯಬಾರದು. ಶ್ರವಣಬೆಳಗೊಳವನ್ನೇ ತೆಗೆದುಕೊಳ್ಳಿ. 1889ರಲ್ಲಿ ರೈಸ್ ಅವರು ಪ್ರಕಟಿಸಿದ ಸಂಪುಟದಲ್ಲಿದ್ದ ಶಾಸನಗಳು 144. ಆರ್. ನರಸಿಂಹಾಚಾರ್ಯರು ಅದನ್ನೇ ಪರಿಷ್ಕರಿಸಿ 1923ರಲ್ಲಿ ಹೊರತಂದಾಗ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಊರು ಒಂದೇ, ಬೆಟ್ಟಗಳೂ ಅವೇ. ಮೊದಲನೆಯದನ್ನು ಮಾತ್ರ ಹಿಡಿದವನಿಗೆ ನಾನೂರಕ್ಕೂ ಹೆಚ್ಚು ಶಾಸನಗಳು ಇಲ್ಲವೇ ಇಲ್ಲ!

ಅಂತರಜಾಲದಿಂದ ಈ ಕಷ್ಟ ತೀರಿತೆಂದು ಹೇಳುವವರಿದ್ದಾರೆ. ನನಗೆ ತೋರುವಂತೆ ಅದು ಒಂದು ಬಗೆಯಲ್ಲಿ ಹೆಚ್ಚಿದೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳನ್ನು ಯಾರು ಬೇಕಾದರೂ ಹಂಚಬಹುದು. ಆದುದರಿಂದ ಪುಕ್ಕಟೆಯಾಗಿ, ಮೊದಲು ಕೈಗೆ ಬರುವುದು ಹಳೆಯ ಆವೃತ್ತಿಯೇ. ಪರಿಷ್ಕೃತ ಸಂಪುಟ ಕಪಾಟಿನಲ್ಲಿ ಧೂಳು ಹಿಡಿದಿರುತ್ತದೆ. ಹಳೆಯವರ ಶ್ರಮವನ್ನು ನಾನು ಹಳಿಯುತ್ತಿಲ್ಲ. ರೈಸ್ ಅವರು ಅಡಿಪಾಯ ಹಾಕದಿದ್ದರೆ ಮುಂದಿನವರು ಕಟ್ಟುವುದು ಯಾವುದರ ಮೇಲೆ? ಆದರೆ ಅಡಿಪಾಯವನ್ನೇ ಮನೆಯೆಂದು ತೋರಿಸುವುದು ಅವರಿಗೂ ಗೌರವವಲ್ಲ.

ತಪ್ಪು ಗ್ರಂಥಪಾಲಕರದೊಂದೇ ಅಲ್ಲ. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರದೆಂಬುದನ್ನು ಮರೆತು, ಅದರ ಕಾಲನಿರ್ಣಯಗಳನ್ನು ತರಗತಿಯಲ್ಲಿ ವೇದವಾಕ್ಯದಂತೆ ಒಪ್ಪಿಸಿದ ಅಧ್ಯಾಪಕರಲ್ಲಿ ನಾನೂ ಒಬ್ಬ. ನಮ್ಮ ಸೋಮಾರಿತನವೇ ಇಂದು ಪಟ್ಟಿಯ ರೂಪದಲ್ಲಿ ಮಕ್ಕಳ ಕೈಗೆ ಬಂದಿದೆ.

ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂದು 1931ರಲ್ಲೇ ಸೂತ್ರ ಬರೆದವರು ಎಸ್. ಆರ್. ರಂಗನಾಥನ್. ಅವರು 1962ರಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಕಟ್ಟಿದ್ದು, 1972ರಲ್ಲಿ ಕಣ್ಮುಚ್ಚಿದ್ದು, ಎರಡೂ ನಮ್ಮ ಬೆಂಗಳೂರಿನಲ್ಲಿಯೇ. ಅವರ ಸೂತ್ರವನ್ನು ಪಾಲಿಸಲು ಹೊಸ ಕಟ್ಟಡವೇನೂ ಬೇಕಿಲ್ಲ. ಪಟ್ಟಿಯ ಒಂದೊಂದು ಹೆಸರಿನ ಮುಂದೆ ಒಂದೇ ಸಾಲು: ಯಾವ ವರ್ಷದ್ದು, ಯಾರು ತಿದ್ದಿದರು, ಏನು ಇಲ್ಲ. ಕನ್ನಡ ವಿಭಾಗದವರೂ ಗ್ರಂಥಪಾಲಕರೂ ಜೊತೆಗೆ ಕುಳಿತರೆ ಒಂದು ಬೇಸಿಗೆ ರಜೆಯಲ್ಲಿ ಮುಗಿಯುವ ಕೆಲಸ.

ಹುಡುಗಿ ಮರುದಿನವೇ ಹೋಗಿ ಪರಿಷ್ಕೃತ ಸಂಪುಟಗಳನ್ನು ಹುಡುಕಿಸಿದಳು. ಸಂಜೆ ಬಂದವಳು ತನ್ನ ಪಟ್ಟಿಯ ಪ್ರತಿಯನ್ನು ನನ್ನ ಮುಂದಿಟ್ಟಳು. ರೈಸ್ ಅವರ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿತ್ತು: “1902. ಹಲ್ಮಿಡಿ ಇದರಲ್ಲಿಲ್ಲ.” ನನಗೆ ಬೇಕಾದದ್ದು ಅಷ್ಟೇ.