ಎದ್ದವರು ಯಾರು, ಬಿದ್ದವರು ಯಾರು?

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ವೈದ್ಯ, ಕತೆಗಾರ ರಾಮಣ್ಣನವರು ತಮ್ಮ ಒಂದು ಕಥಾಸಂಕಲನಕ್ಕೆ ‘ನೆಲದ ಒಡಲು’ ಎಂದು ಹೆಸರಿಟ್ಟಿದ್ದರು. ಕಬ್ಬು, ಭತ್ತ ಬೆಳೆಯುವ ಆ ಸೀಮೆಗೆ ನೆಲದ ಒಡಲೆಂದರೆ ಅನ್ನ. ಬಳ್ಳಾರಿಯಲ್ಲಿ ಅದೇ ಒಡಲು ಕೆಲವರಿಗೆ ತಿಜೋರಿಯಾಯಿತು. ಅದು ದೂರದ ಬಳ್ಳಾರಿಯ ಕಥೆ, ನಮಗೇನು ಎಂದು ಮಂಡ್ಯದವರು ಹೇಳುವಂತಿಲ್ಲ. ಬೆಸಗರಹಳ್ಳಿಯದೇ ತಾಲ್ಲೂಕಿನ ಸೋಮನಹಳ್ಳಿಯವರಾದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗಲೇ, 2003ರಲ್ಲಿ, ಸರಕಾರಿ ಗಣಿಗಾರಿಕೆಗೆಂದು ಕಾದಿರಿಸಿದ್ದ 11,620 ಚದರ ಕಿ.ಮೀ. ಪ್ರದೇಶ ಖಾಸಗಿಯವರಿಗೆ ಮುಕ್ತವಾಯಿತು.

ಗಾಲಿ ಜನಾರ್ದನ ರೆಡ್ಡಿಯವರ ಮುಖ್ಯ ಗಣಿ ಗುತ್ತಿಗೆ ಇದ್ದದ್ದು ಗಡಿಯಾಚೆ, ಆಂಧ್ರದ ಓಬಳಾಪುರಂನಲ್ಲಿ. ಆದರೆ ನೆಲವನ್ನು ಸರಕಾಗಿ ಕಂಡ ಕಾಲವೇ ಅವರನ್ನು ಬೆಳೆಸಿತು. ಪೊಲೀಸ್ ಪೇದೆಯೊಬ್ಬರ ಮಗ 1999ರಲ್ಲಿ ಸೋನಿಯಾ ಗಾಂಧಿಯವರ ವಿರುದ್ಧ ನಿಂತ ಸುಷ್ಮಾ ಸ್ವರಾಜ್ ಅವರ ಚುನಾವಣೆಯಲ್ಲಿ ದುಡಿದು ಗುರುತಿಸಿಕೊಂಡರು. ಗಣಿ ಬಂದದ್ದು ಆಮೇಲೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಟನ್ನಿಗೆ ಸಾವಿರಗಳಿಗೇರಿತು. ಸರಕಾರಕ್ಕೆ ಸಲ್ಲುತ್ತಿದ್ದ ರಾಜಧನ ಮಾತ್ರ 27 ರೂಪಾಯಿ ದಾಟಿರಲಿಲ್ಲ. ಈ ಅಂತರದಲ್ಲಿ ಹುಟ್ಟಿದ ಹಣವೇ ರಾಜಕಾರಣವನ್ನು ಆಳತೊಡಗಿತು. 2008ರಲ್ಲಿ ಜನಾರ್ದನ ರೆಡ್ಡಿ, ಅವರ ಅಣ್ಣ ಕರುಣಾಕರ ರೆಡ್ಡಿ, ಆಪ್ತ ಶ್ರೀರಾಮುಲು ಮೂವರೂ ಮಂತ್ರಿಗಳಾದರು.

2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,085 ಕೋಟಿ ರೂ. ನಷ್ಟವಾಗಿದೆ ಎಂದಿತು. ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 5ರಂದು ಸಿಬಿಐ ರೆಡ್ಡಿಯವರನ್ನು ಬಂಧಿಸಿತು. ಪತ್ರಿಕೆಗಳು ಇದನ್ನು ‘ಪತನ’ ಎಂದು ಬರೆದವು. ಈ ಪದವನ್ನೇ ನಾವು ಪ್ರಶ್ನಿಸಬೇಕಾಗಿದೆ.

2015ರಲ್ಲಿ ಅವರು ಜಾಮೀನಿನ ಮೇಲೆ ಹೊರಬಂದರು. 2016ರ ನವೆಂಬರ್‌ನಲ್ಲಿ ನೋಟು ರದ್ದಾಗಿ ಜನ ಬ್ಯಾಂಕುಗಳ ಮುಂದೆ ಸಾಲುಗಟ್ಟಿದ್ದಾಗ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಮಗಳ ಅದ್ದೂರಿ ಮದುವೆ ನಡೆಯಿತು. 2023ರಲ್ಲಿ ಸ್ವಂತ ಪಕ್ಷದಿಂದ ಗಂಗಾವತಿಯಲ್ಲಿ ಗೆದ್ದು, 2024ರಲ್ಲಿ ಬಿಜೆಪಿಗೆ ಮರಳಿದರು. 2025ರ ಮೇ 6ರಂದು ಹೈದರಾಬಾದ್‌ನ ಸಿಬಿಐ ನ್ಯಾಯಾಲಯ 7 ವರ್ಷ ಶಿಕ್ಷೆ ವಿಧಿಸಿತು, ಶಾಸಕತ್ವ ಹೋಯಿತು. ಮರುತಿಂಗಳೇ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು, ಶಾಸಕತ್ವವೂ ಮರಳಿತು.

ಅಪರಾಧದ ತೀರ್ಮಾನ ನ್ಯಾಯಾಲಯದ್ದು. ನಮ್ಮ ಪ್ರಶ್ನೆ ಬೇರೆ. ಬಿದ್ದವರು ನಿಜಕ್ಕೂ ಯಾರು? ಕೆಂಧೂಳು ಕವಿದು ಬೆಳೆ ಕಳೆದುಕೊಂಡ ಸಂಡೂರಿನ ರೈತ ಬಿದ್ದ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಕೂಲಿ ಕಳೆದುಕೊಂಡ ಕಾರ್ಮಿಕ ಬಿದ್ದ. ಇವರಿಗೆ ಜಾಮೀನಿಲ್ಲ, ಮೇಲ್ಮನವಿಯೂ ಇಲ್ಲ. ಅಗೆದ ಗುಡ್ಡವಂತೂ ಮತ್ತೆ ಏಳದು.

ಒಬ್ಬ ವ್ಯಕ್ತಿಯನ್ನು ಖಳನಾಯಕನಾಗಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಸಹಿ ಹಾಕಿದ ಕೈಗಳು, ಹಣ ಪಡೆದ ಪಕ್ಷಗಳು, ದರ್ಬಾರಿಗೆ ಮರುಳಾಗಿ ಮತ ಹಾಕಿದ ನಾವು, ಎಲ್ಲರೂ ಆ ಏಳಿಗೆಯ ಪಾಲುದಾರರು. ಕಬ್ಬಿನ ಬಾಕಿಗಾಗಿ ಬೀದಿಗಿಳಿಯುವ ಮಂಡ್ಯದ ರೈತ, ಮತ ಕೇಳಿ ಬಂದವನ ಕಾರಿನ ಉದ್ದ ಅಳೆಯುವುದನ್ನು ಬಿಟ್ಟು ಆ ಕಾರು ಬಂದದ್ದೆಲ್ಲಿಂದ ಎಂದು ಕೇಳಲಿ. ಆ ಪ್ರಶ್ನೆ ಹುಟ್ಟುವವರೆಗೆ ಇಂಥವರು ಬೀಳುವುದು ಮತ್ತೆ ಏಳುವುದಕ್ಕಷ್ಟೇ.