ಎಳೆಯ ಪೈನ್ ಮರದ ಪ್ಲೈವುಡ್

ಅಮೆರಿಕದ ವಾಯವ್ಯ ತೀರದ ಪುರಾತನ ಡಗ್ಲಾಸ್ ಫರ್ ವೃಕ್ಷಗಳನ್ನೇ ಬಹುಕಾಲ ನೆಮ್ಮಿಕೊಂಡಿದ್ದ ಪ್ಲೈವುಡ್ ಉದ್ಯಮವು 1960ರ ದಶಕದಲ್ಲಿ ಅರ್ಕಾನ್ಸಾ ಸಂಸ್ಥಾನದ ಫೋರ್ಡೈಸ್ ಎಂಬ ಸಣ್ಣ ಊರಿನ ಮೂಲಕ ದಕ್ಷಿಣದ ಪೈನ್ ಅರಣ್ಯಗಳನ್ನು ಪ್ರವೇಶಿಸಿದಾಗ, ಡಗ್ಲಾಸ್ ಫರ್ ಹೆಸರನ್ನೇ ಧರಿಸಿದ್ದ ತಯಾರಕರ ಸಂಘವು 1964ರಲ್ಲಿ ಅಮೆರಿಕನ್ ಪ್ಲೈವುಡ್ ಸಂಘವೆಂದು ನಾಮಾಂತರ ಹೊಂದಬೇಕಾಯಿತು. ಆ ಪೈನ್ ಆದರೂ ಸಾಕಷ್ಟು ವಯಸ್ಸಾದುದು. ಈಗ ಗಿರಣಿಗೆ ಬರುವುದು ಬಹುಮಟ್ಟಿಗೆ ನೆಟ್ಟು ಬೆಳೆಸಿದ, ಮೂರು ದಶಕವನ್ನೂ ಕಾಣದ ಲಾಬ್ಲಾಲಿ ಪೈನ್.

ಎಳೆಯ ಮರದ ದೋಷವು ಅದರ ತಿರುಳಿನ ಸುತ್ತಲ ಮೊದಲ ಹತ್ತಾರು ವಾರ್ಷಿಕ ವಲಯಗಳಲ್ಲಿದೆ. ಅಲ್ಲಿ ಜೀವಕೋಶದ ಭಿತ್ತಿಯ ಸೂಕ್ಷ್ಮ ತಂತುಗಳು ಕಾಂಡದ ಉದ್ದಕ್ಕೆ ನೇರವಾಗಿರದೆ ಓರೆಯಾಗಿ ಸುತ್ತಿಕೊಂಡಿರುತ್ತವೆಯಾದ್ದರಿಂದ, ಒಣಗುವಾಗ ಉದ್ದದಲ್ಲಿ ಶೇಕಡಾ 0.2ರಷ್ಟೂ ಕುಗ್ಗದ ಬಲಿತ ಮರಕ್ಕೆ ವಿರುದ್ಧವಾಗಿ ಈ ಮರವು ಶೇಕಡಾ 2ರವರೆಗೂ ಕುಗ್ಗಬಲ್ಲದು. ಸಾಂದ್ರತೆಯೂ ಬಿಗುವೂ ಕಡಿಮೆ. ಕೊಯ್ದ ಹಲಗೆಯಾದರೆ ಬಿಲ್ಲಿನಂತೆ ಬಾಗೀತು. ಪ್ಲೈವುಡ್ಡಿನಲ್ಲಾದರೋ ಅಡ್ಡವಾಗಿ ಅಂಟಿಸಿದ ನೆರೆಯ ಪದರವು ಆ ಚಲನೆಯನ್ನು ಬಹಳಷ್ಟು ತಡೆಯುವುದರಿಂದ, ಎಳೆಯ ಪೈನನ್ನು ಪದರಗಳಾಗಿ ಸುಲಿದು ಬಳಸುವುದು ಮೂಲತಃ ವಿವೇಕದ ಕಾರ್ಯವೆಂದೇ ನನ್ನ ಅಭಿಪ್ರಾಯ.

ಆಕ್ಷೇಪವಿರುವುದು ಬಳಸುವ ಕ್ರಮದಲ್ಲಿ. ದಿಮ್ಮಿಯ ತುದಿಗಳನ್ನು ಕಚ್ಚಿ ಹಿಡಿದು ತಿರುಗಿಸುತ್ತ ಪದರ ಸುಲಿಯುತ್ತಿದ್ದ ಹಳೆಯ ಲೇತು ಯಂತ್ರವು ನಡುವಿನ ಕೊರಡನ್ನು ಅನಿವಾರ್ಯವಾಗಿ ಉಳಿಸುತ್ತಿತ್ತು. ಉರುಳೆಗಳಿಂದಲೇ ತಿರುಗಿಸುವ ಹೊಸ ಲೇತು ಸುಮಾರು 2 ಅಂಗುಲ ವ್ಯಾಸದ ಕೊರಡು ಉಳಿಯುವವರೆಗೂ ಸುಲಿದು, ಮರದ ಅತಿ ದುರ್ಬಲ ಭಾಗವನ್ನೂ ವಿನಿಯರ್ ಎಂಬ ತೆಳು ಪದರಗಳ ರಾಶಿಗೆ ಸೇರಿಸುತ್ತದೆ. ಮಿತವ್ಯಯವೆಂಬ ಕೀರ್ತಿ ಇದಕ್ಕುಂಟು (ಲೆಕ್ಕ ಬರೆಯುವವರಿಗಂತೂ ಇದಕ್ಕಿಂತ ಪ್ರಿಯವಾದ ಯಂತ್ರ ಬೇರೆ ಇರಲಾರದು). ಆದರೆ ಸಮದಪ್ಪದ ಮೂರು ಪದರಗಳ ಹಲಗೆಯು ಮುಖದ ನಾರಿನ ಉದ್ದಕ್ಕೆ ಬಾಗುವಾಗ, ಬಿಗುವಿನ 27 ಪಾಲಿನಲ್ಲಿ 26ಕ್ಕೂ ಮಿಕ್ಕುದನ್ನು ಹೊರಗಿನ ಎರಡು ಪದರಗಳೇ ಹೊರುತ್ತವೆಂಬುದನ್ನು ನೆನೆದರೆ, ತಿರುಳಿನ ಪದರವು ಮುಖಕ್ಕೆ ಬರುವುದು ಎಂತಹ ಅನರ್ಥವೆಂಬುದು ವಿಶದವಾಗುತ್ತದೆ. ಒಂದೇ ಮಗ್ಗುಲಿಗೆ ಬಂದರಂತೂ ಸಮತೋಲ ತಪ್ಪಿ ಹಲಗೆಯೇ ಸೊಟ್ಟಗಾಗುತ್ತದೆ.

ಇದನ್ನು ತಡೆಯಬೇಕಾದ ದರ್ಜೆಯ ಪದ್ಧತಿಯು ಗಂಟು, ಸೀಳು, ತೇಪೆಗಳನ್ನು ಕಣ್ಣಿಂದ ನೋಡಿ ಎ, ಬಿ, ಸಿ, ಡಿ ಎಂದು ವಿಂಗಡಿಸುವುದೇ ಹೊರತು ನಾರಿನ ಸತ್ತ್ವವನ್ನು ಅಳೆಯುವುದಿಲ್ಲ. ಎಳೆಯ ಮರದ ಸಣ್ಣ, ಬಿಗಿ ಗಂಟುಗಳು ಆ ಪದ್ಧತಿಯ ಕಣ್ಣಿಗೆ ನಿರಪರಾಧಿಗಳು. ವಿನಿಯರಿನಿಂದ ತೊಲೆ ಮಾಡುವ ಗಿರಣಿಗಳು ಧ್ವನಿತರಂಗದ ವೇಗದಿಂದ ಪದರದ ಬಿಗುವನ್ನು ಅಳೆದು ವಿಂಗಡಿಸುವ ಕ್ರಮವನ್ನು ಆಗಲೇ ರೂಢಿಸಿಕೊಂಡಿವೆ. ಆ ಪರೀಕ್ಷೆಗೆ ಒಳಪಡದ ಎಳೆಯ ಪೈನಿನ ಹಲಗೆಯು ಪೆಟ್ಟಿಗೆಗೂ ಗೋಡೆಯ ಹೊದಿಕೆಗೂ ಸಾಕು. ಭಾರ ಹೊರುವ ನೆಲಹಾಸಿಗೆ ಅದನ್ನು ನಾನು ಒಪ್ಪಲಾರೆ.