ಉಪಧಾಪ್ರಯೋಗ: ಒಂದು ದೂರದರ್ಶನ ಕಥೆಯ ವಿಮರ್ಶೆ

ವಿಶಾಖದತ್ತನ ‘ಮುದ್ರಾರಾಕ್ಷಸ’ದ ಐದನೆಯ ಅಂಕದಲ್ಲಿ ಭಾಗುರಾಯಣನು ತನ್ನಲ್ಲಿಯೇ ಒಂದು ಮಾತನ್ನು ಆಡಿಕೊಳ್ಳುತ್ತಾನೆ. ಅವನು ಚಾಣಕ್ಯನ ಕಡೆಯವನು. ಮಲಯಕೇತುವಿನ ಪಕ್ಷಕ್ಕೆ ಓಡಿಬಂದವನಂತೆ ನಟಿಸಿ ಆ ರಾಜಕುಮಾರನಿಗೆ ಆಪ್ತನಾಗಿರುತ್ತಾನೆ. ತನ್ನನ್ನು ಇಷ್ಟು ಪ್ರೀತಿಸುವವನನ್ನು ವಂಚಿಸಬೇಕಾಯಿತಲ್ಲಾ ಎಂದು ಅವನಿಗೆ ಕ್ಷಣಕಾಲ ವ್ಯಥೆಯಾಗುತ್ತದೆ. ಒಡೆಯನಿಗೆ ತನ್ನನ್ನು ಮಾರಿಕೊಂಡ ಸೇವಕನಿಗೆ ಈ ವಿಚಾರವೇಕೆಂದು ಮರುಕ್ಷಣವೇ ಸಮಾಧಾನ ತಂದುಕೊಂಡು ಕಾರ್ಯಕ್ಕೆ ತೊಡಗುತ್ತಾನೆ. ಈ ಅಂಕವನ್ನು ಪಾಠ ಹೇಳುವಾಗಲೆಲ್ಲ ತರಗತಿಯಲ್ಲಿ ಒಬ್ಬನಾದರೂ ಹುಡುಗನು, “ಆ ವ್ಯಥೆಯು ಅಲ್ಲಿಗೇ ನಿಲ್ಲದೆ ಬೆಳೆದಿದ್ದರೆ?” ಎಂದು ಕೇಳುತ್ತಿದ್ದನು. ನನ್ನಲ್ಲಿ ಉತ್ತರವಿರಲಿಲ್ಲ. ಕವಿಯು ಮುಂದಕ್ಕೆ ಹೋದನು, ನಾವೂ ಹೋಗೋಣ ಎಂದು ಹೇಳಿ ಪುಟ ತಿರುವುತ್ತಿದ್ದೆನು.

ಆ ಪ್ರಶ್ನೆಗೆ ಉತ್ತರವನ್ನು ನಾನು ಕಂಡದ್ದು, ವಾಚಕ ಮಹಾಶಯರು ನಗಬಾರದು, ಅಮೆರಿಕೆಯ ಒಂದು ವೈಜ್ಞಾನಿಕ ಕಲ್ಪನೆಯ ದೂರದರ್ಶನ ಧಾರಾವಾಹಿಯಲ್ಲಿ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಎಂಬ ಆ ಧಾರಾವಾಹಿಯು 1987ರಿಂದ 1994ರವರೆಗೆ ಏಳು ವರ್ಷ ನಡೆಯಿತು. ನನ್ನ ಮೊಮ್ಮಗನು ರಜೆಯಲ್ಲಿ ಬಂದಾಗ ಇದನ್ನು ಹಾಕಿಕೊಂಡು ಕುಳಿತಿರುತ್ತಿದ್ದನು. ಆಕಾಶನೌಕೆ, ವಿಚಿತ್ರಮುಖದ ಗ್ರಹಾಂತರವಾಸಿಗಳು ಎಂದು ಮೊದಲು ಉದಾಸೀನ ಮಾಡಿದವನು ನಾನು. 1994ರ ಮೇ ತಿಂಗಳಿನಲ್ಲಿ ಪ್ರಸಾರವಾದ, ಧಾರಾವಾಹಿಯ ಕೊನೆಯ ಕಥೆಗೆ ಹಿಂದಿನದಾದ ‘ಪ್ರೀಎಂಪ್ಟಿವ್ ಸ್ಟ್ರೈಕ್’ ಎಂಬ ಕಂತನ್ನು ನೋಡಿದ ಮೇಲೆ ಆ ಉದಾಸೀನವು ಉಳಿಯಲಿಲ್ಲ. ಶತ್ರುವು ಹೊಡೆಯುವುದಕ್ಕೆ ಮೊದಲೇ ತಾನು ಹೊಡೆಯುವ ಪೆಟ್ಟು ಎಂಬುದು ಆ ಹೆಸರಿನ ತಾತ್ಪರ್ಯ. ನಾಯಕ ಪಿಕಾರ್ಡನ ಪಾತ್ರವನ್ನು ವಹಿಸಿದ ಪ್ಯಾಟ್ರಿಕ್ ಸ್ಟ್ಯೂವರ್ಟರೇ ಇದನ್ನು ನಿರ್ದೇಶಿಸಿರುವರು.

ಕಥಾವಸ್ತುವನ್ನು ಸಂಗ್ರಹವಾಗಿ ಹೇಳುವೆನು. ಎರಡು ಮಹಾರಾಜ್ಯಗಳಿಗೆ ಸಂಧಿಯಾಗಿ ಗಡಿಯನ್ನು ಹೊಸದಾಗಿ ಎಳೆದಾಗ ಕೆಲವು ಹಳ್ಳಿಗರ ಭೂಮಿಯು ಶತ್ರುಗಳಾದ ಕಾರ್ಡಾಸಿಯನ್ನರ ಪಾಲಾಗುತ್ತದೆ. ಬಿಟ್ಟುಹೋಗಲು ಒಪ್ಪದವರು ಗುಂಪು ಕಟ್ಟಿಕೊಂಡು ಗುಟ್ಟಾಗಿ ಆಯುಧ ಹಿಡಿಯುತ್ತಾರೆ. ಅವರಿಗೆ ‘ಮಾಕೀ’ ಎಂದು ಹೆಸರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರನ್ನು ಎದುರಿಸಿದ ಫ್ರಾನ್ಸಿನ ಗೆರಿಲ್ಲಾ ಪಡೆಯಿಂದ ಬಂದ ಹೆಸರಿದು. ಇವರಿಂದ ಸಂಧಿಯು ಮುರಿದೀತೆಂಬ ಭಯದಿಂದ, ಇವರೊಳಗೆ ಒಬ್ಬರನ್ನು ನುಗ್ಗಿಸಿ ಎಲ್ಲರನ್ನೂ ಒಂದೆಡೆಗೆ ಸೆಳೆದು ಹಿಡಿಯುವ ಉಪಾಯವನ್ನು ಮೇಲಧಿಕಾರಿಗಳು ಹೂಡುತ್ತಾರೆ. ಅದಕ್ಕೆ ಆರಿಸಿದವಳು ರೋ ಲಾರೆನ್ ಎಂಬ ತರುಣಿ. ಮಿಷೆಲ್ ಫೋರ್ಬ್ಸ್ ಎಂಬ ನಟಿಯು ಈ ಪಾತ್ರವನ್ನು ಬಹಳ ಸಂಯಮದಿಂದ ಅಭಿನಯಿಸಿರುತ್ತಾಳೆ.

ಈ ರೋ ಯಾರೆಂಬುದು ಮುಖ್ಯ. ಕಾರ್ಡಾಸಿಯನ್ನರು ಆಕ್ರಮಿಸಿದ ಬೇಜೋರ್ ಎಂಬ ಲೋಕದಲ್ಲಿ ಹುಟ್ಟಿದವಳು. ಬಾಲ್ಯದಲ್ಲಿ ತಂದೆಯನ್ನು ಅವರು ಹಿಂಸಿಸಿ ಕೊಂದದ್ದನ್ನು ಕಣ್ಣಾರೆ ಕಂಡವಳು. ಸೈನ್ಯದಲ್ಲಿ ಆಜ್ಞೆಯನ್ನು ಮೀರಿ ಎಂಟು ಜನರ ಸಾವಿಗೆ ಕಾರಣಳಾಗಿ ಸೆರೆಮನೆ ಸೇರಿದ್ದಳು. 1991ರಲ್ಲಿ ಬಂದ ಅವಳ ಮೊದಲನೆಯ ಕಥೆಯಲ್ಲಿಯೇ, ಯಾರಿಗೂ ಬೇಡವಾದ ಅವಳನ್ನು ಪಿಕಾರ್ಡನು ತನ್ನ ನೌಕೆಯಲ್ಲಿ ಉಳಿಸಿಕೊಂಡಿದ್ದನು. ಹೀಗಾಗಿ ಅವನು ಅವಳಿಗೆ ಅಧಿಕಾರಿ ಮಾತ್ರವಲ್ಲ, ಗುರುಸ್ಥಾನದಲ್ಲಿರುವವನು. ಅವನು ಹೇಳಿದನೆಂಬುದೊಂದೇ ಕಾರಣದಿಂದ ಅವಳು ಈ ಕೆಲಸಕ್ಕೆ ಒಪ್ಪುತ್ತಾಳೆ.

ಕೊಲೆ ಮಾಡಿ ತಲೆಮರೆಸಿಕೊಂಡವಳೆಂಬ ವೇಷದಿಂದ ರೋ ಮಾಕೀಗಳೊಳಗೆ ಸೇರುತ್ತಾಳೆ. ಅವರಲ್ಲಿ ಮಾಸಿಯಸ್ ಎಂಬ ವೃದ್ಧನಿದ್ದಾನೆ. ಅವಳ ನಾಡಿನ ಖಾರದ ತಿನಿಸೊಂದನ್ನು ಅವನು ಮಾಡಿಕೊಡುವಾಗ ಅವಳಿಗೆ ತಂದೆಯ ಕೈಯಡಿಗೆಯು ನೆನಪಾಗುತ್ತದೆ. ಕಥೆಯ ಕೀಲು ಇಲ್ಲಿದೆ. ವಾದದಿಂದಲ್ಲ, ರಾಜನೀತಿಯ ಚರ್ಚೆಯಿಂದಲ್ಲ, ಕಣ್ಣಲ್ಲಿ ನೀರು ತರಿಸುವ ಒಂದು ತುತ್ತಿನಿಂದ ಅವಳ ಮನಸ್ಸು ಸಡಿಲವಾಗುತ್ತದೆ. ಆಮೇಲೆ ಹಳ್ಳಿಯ ಮೇಲೆ ದಾಳಿಯಾಗಿ ಆ ವೃದ್ಧನು ಅವಳ ಎದುರಿನಲ್ಲಿಯೇ ಸಾಯುತ್ತಾನೆ. ಈ ಸಾವು ಬಹಳ ಅವಸರದಿಂದ ಬಂದಿದೆ ಎಂದು ಹೇಳದೆ ವಿಧಿಯಿಲ್ಲ. ಮುಕ್ಕಾಲು ಗಂಟೆಯ ಕಥೆಗೆ ಬೇಕಾದ ಹೊತ್ತಿಗೆ ಸರಿಯಾಗಿ ಶತ್ರುಗಳು ಬರುತ್ತಾರೆ. ತಂದೆಯಂಥ ಇನ್ನೊಬ್ಬನು ಬದುಕಿದ್ದೇ ಅವಳ ಮನಸ್ಸನ್ನು ತಿರುಗಿಸಿದ್ದರೆ ನಾಟಕವು ಇನ್ನೂ ಕಠಿನವಾಗುತ್ತಿತ್ತು, ಇನ್ನೂ ಸತ್ಯವಾಗುತ್ತಿತ್ತು.

ಇನ್ನು ಬಲೆಯ ವಿಚಾರ. ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಅಮಾತ್ಯರ ಶುದ್ಧಿಯನ್ನು ಪರೀಕ್ಷಿಸುವ ಗುಪ್ತೋಪಾಯಗಳಿಗೆ ‘ಉಪಧೆ’ ಎಂದು ಹೆಸರಿಟ್ಟು, ಧರ್ಮ, ಅರ್ಥ, ಕಾಮ, ಭಯ ಎಂದು ನಾಲ್ಕು ಬಗೆಯನ್ನು ಹೇಳಿರುತ್ತಾನೆ. ಪಿಕಾರ್ಡನು ಒಡ್ಡುವ ಆಮಿಷವು ಭಯ. ಕಾರ್ಡಾಸಿಯನ್ನರು ವಿಷಾಯುಧಗಳನ್ನು ಸಾಗಿಸುತ್ತಿರುವರೆಂದು ಮಾಕೀಗಳು ಮೊದಲೇ ಶಂಕಿಸುತ್ತಿದ್ದಾರೆ. ಆ ಆಯುಧಗಳ ಸಾಮಗ್ರಿಯನ್ನು ಹೊತ್ತ ಹಡಗುಗಳು ಬರುತ್ತಿವೆ ಎಂಬ ಸುಳ್ಳುಸುದ್ದಿಯನ್ನು ಹಬ್ಬಿಸಿ, ಒಂದು ನೀಹಾರಿಕೆಯ ಮರೆಯಲ್ಲಿ ಯುದ್ಧನೌಕೆಗಳನ್ನು ನಿಲ್ಲಿಸುವುದು ಅವನ ಹಂಚಿಕೆ. ಕಳ್ಳನಿಗೆ ಹಣದ ಚೀಲವನ್ನು ತೋರಿಸಿ ಹಿಡಿಯುವುದು ಬೇರೆ. ಮಕ್ಕಳನ್ನು ಉಳಿಸಿಕೊಳ್ಳುವ ಕಾತರವನ್ನೇ ಗಾಳದ ಹುಳುವಾಗಿ ಚುಚ್ಚುವುದು ಬೇರೆ. ಉಪಧಾಪ್ರಯೋಗದ ನಿಪುಣನಾದ ಕೌಟಿಲ್ಯನೇ ಅಲ್ಲಿ ಎರಡು ಎಚ್ಚರಿಕೆಗಳನ್ನು ಹೇಳುವನು. ಒಂದು, ರಾಜನು ತನ್ನನ್ನಾಗಲಿ ರಾಣಿಯನ್ನಾಗಲಿ ಈ ಪರೀಕ್ಷೆಗೆ ಗುರಿಯಾಗಿಸಬಾರದು. ಇನ್ನೊಂದು, ಕೆಡದವನನ್ನು ಕೆಡಿಸಬಾರದು. ನೀರಿಗೆ ವಿಷ ಬೆರೆಸಿದಂತೆ ಅದಕ್ಕೆ ಪರಿಹಾರವಿಲ್ಲದೆ ಹೋಗಬಹುದು.

ಪಿಕಾರ್ಡನು ಎರಡನ್ನೂ ಮೀರಿದನೆಂಬುದು ನನ್ನ ಅಭಿಪ್ರಾಯ. ಮದ್ಯದಂಗಡಿಯಲ್ಲಿ ಅವನೂ ರೋ ಸಹ ಗುಟ್ಟಾಗಿ ಭೇಟಿಯಾಗುವ ದೃಶ್ಯವನ್ನು ಗಮನಿಸಿರಿ. ನೋಡುವವರಿಗೆ ಸಂದೇಹ ಬಾರದಿರಲೆಂದು ಅವಳು ವೇಶ್ಯೆಯಂತೆಯೂ ಅವನು ಬೆಲೆ ಕುದುರಿಸುವ ವಿಟನಂತೆಯೂ ಮುಖಕ್ಕೆ ಮುಖ ತಂದು ಪಿಸುಗುಟ್ಟುತ್ತಾರೆ. ಗುರುಶಿಷ್ಯರು ಆ ವೇಷದಲ್ಲಿ! ಕಥೆಗಾರರು ಇದನ್ನು ಬಾಯಿಬಿಟ್ಟು ವ್ಯಾಖ್ಯಾನಿಸುವುದಿಲ್ಲ. ಈ ಬಲೆಯು ಬೇಡವೆಂದು ಅವಳು ಅಲ್ಲಿ ಸುತ್ತಿ ಬಳಸಿ ಹೇಳುತ್ತಾಳೆ. ಅವಳ ಮನಸ್ಸಿನ ಕಷ್ಟವು ಅವನಿಗೆ ತಿಳಿಯದೆ ಇಲ್ಲ. ತಿಳಿದೂ ಅವನು ಗುರುವಾಗದೆ ಅಧಿಕಾರಿಯಾಗುತ್ತಾನೆ. ಹಿಂಜರಿದರೆ ವಿಚಾರಣೆಗೆ ಗುರಿಪಡಿಸುವೆನೆಂದು ಬೆದರಿಸಿ, ತನ್ನ ಸಹಾಯಕ ರೈಕರನನ್ನು ಕಾವಲಿಗೆ ಕಳುಹಿಸುತ್ತಾನೆ. ತನ್ನಲ್ಲಿ ಅವಳಿಟ್ಟ ಪ್ರೀತಿಯನ್ನೇ ಹಗ್ಗಮಾಡಿ ಕಟ್ಟಿದ ಮೇಲೆ, ಆ ಹಗ್ಗವು ಕಿತ್ತುಬಂದಾಗ ಪೆಟ್ಟು ಬೀಳುವುದು ಇಬ್ಬರಿಗೂ ತಾನೆ?

ಇದನ್ನು ನಾನು ಬರಿಯ ಪುಸ್ತಕಜ್ಞಾನದಿಂದ ಹೇಳುತ್ತಿಲ್ಲ. ಉಪಾಧ್ಯಾಯನಾಗಿದ್ದಾಗ ಒಂದು ವರ್ಷ ಪರೀಕ್ಷೆಯ ಪ್ರಶ್ನೆಗಳು ಹೊರಬೀಳುತ್ತಿದ್ದುವು. ನನ್ನಲ್ಲಿ ಬಹಳ ಭಕ್ತಿಯಿದ್ದ ಒಬ್ಬ ಹುಡುಗನನ್ನು ಕರೆದು, ಆ ಗುಂಪಿನಲ್ಲಿ ಸೇರಿಕೊಂಡು ಯಾರೆಂದು ತಿಳಿಸೆಂದು ಹೇಳಿದೆನು. ತಿಳಿಸಿದನು; ಮೂವರಿಗೆ ಶಿಕ್ಷೆಯಾಯಿತು. ಅಲ್ಲಿಯವರೆಗೆ ಪ್ರತಿ ಸಂಜೆಯೂ ಅಮರಕೋಶ ಹೇಳಿಸಿಕೊಳ್ಳಲು ಮನೆಗೆ ಬರುತ್ತಿದ್ದ ಹುಡುಗನು ಆಮೇಲೆ ಬರಲಿಲ್ಲ. ಎದುರಿಗೆ ಸಿಕ್ಕರೆ ನಮಸ್ಕಾರ ಮಾಡುತ್ತಿದ್ದನು, ಅಷ್ಟೆ. ನಾನು ಅವನನ್ನು ಕರೆದು ಒಂದು ಮಾತೂ ಕೇಳಲಿಲ್ಲ.

ರೋ ಕಡೆಗೆ ಬಲೆಯನ್ನು ಹರಿಯುತ್ತಾಳೆ. ನೀಹಾರಿಕೆಯೊಳಕ್ಕೆ ಕಿರಣವನ್ನು ಹಾಯಿಸಿ ಅಡಗಿದ್ದ ನೌಕೆಗಳನ್ನು ಬಯಲುಮಾಡಲು ಮಾಕೀಗಳು ಹಿಂದಿರುಗಿ ಪಾರಾಗುತ್ತಾರೆ. ಅವಳೂ ಅವರೊಡನೆ ಹೋಗುತ್ತಾಳೆ. ಇದು ದ್ರೋಹವೇ? ಕರ್ತವ್ಯಲೋಪವೆಂಬುದರಲ್ಲಿ ಸಂದೇಹವಿಲ್ಲ, ಕಥೆಯೂ ಅವಳನ್ನು ನಿರ್ದೋಷಿಯೆಂದು ಹೊಗಳಲು ಹೊರಡುವುದಿಲ್ಲ. ಆದರೆ ಎರಡು ದ್ರೋಹಗಳಲ್ಲಿ ಒಂದನ್ನು ಮಾಡಲೇಬೇಕಾದ ಇಕ್ಕಟ್ಟಿಗೆ ಅವಳನ್ನು ತಂದು ನಿಲ್ಲಿಸಿದವರು ಯಾರೆಂಬುದನ್ನೂ ಕಥೆಯು ಮರೆಸುವುದಿಲ್ಲ. ಭಾಗುರಾಯಣನು ಸೇವಕನೆಂಬ ಒಂದು ಮಾತಿನ ಹಿಂದೆ ಅಡಗಿಕೊಳ್ಳಬಲ್ಲವನಾಗಿದ್ದನು. ರೋಗೆ ಆ ಮರೆಯೂ ಇರಲಿಲ್ಲ.

ಈ ಕಥೆಗೆ 29 ವರ್ಷಗಳ ತರುವಾಯ, 2023ರಲ್ಲಿ, ‘ಪಿಕಾರ್ಡ್’ ಎಂಬ ಮತ್ತೊಂದು ಧಾರಾವಾಹಿಯಲ್ಲಿ ಅದೇ ನಟರಿಂದ ಇವರಿಬ್ಬರನ್ನೂ ಮತ್ತೆ ಎದುರುಬದುರು ತಂದರು. ವಯಸ್ಸಾದ ಇಬ್ಬರೂ, ಯಾರು ಯಾರಿಗೆ ದ್ರೋಹ ಮಾಡಿದರೆಂದು ವಾದಿಸಿ, ಅತ್ತು, ಒಂದಾಗುತ್ತಾರೆ. ಅವಳು ಪ್ರಾಣಾರ್ಪಣೆಯನ್ನೂ ಮಾಡುತ್ತಾಳೆ. ಅಭಿನಯವು ಚೆನ್ನಾಗಿದೆ. ಆದರೂ ಹಳೆಯ ಕಥೆಯು ಬಾಯಿಮುಚ್ಚಿ ಹೇಳಿದ್ದನ್ನು ಇಲ್ಲಿ ಬಾಯಿತೆರೆದು ಹೇಳಿದ್ದರಿಂದ ನನಗೆ ಅಷ್ಟು ರುಚಿಸಲಿಲ್ಲ.

ಮೊದಲಿನದರ ಕಡೆಯ ದೃಶ್ಯಕ್ಕೆ ಸಮನಾದದ್ದು ಅದರಲ್ಲಿ ಇಲ್ಲ. ರೈಕರನು ಹಿಂದಿರುಗಿ ಪಿಕಾರ್ಡನ ಕೋಣೆಯಲ್ಲಿ ನಡೆದುದನ್ನು ಒಪ್ಪಿಸುತ್ತಾನೆ. ತಾನು ಮಾಡಿದ್ದು ಸರಿಯೆಂಬ ನಂಬಿಕೆ ಅವಳಿಗಿತ್ತೆಂದೂ, ನಿಮ್ಮ ವಿಶ್ವಾಸವನ್ನು ಉಳಿಸಿಕೊಳ್ಳಲಾಗಲಿಲ್ಲವೆಂಬುದೊಂದೇ ಅವಳ ಕೊರಗೆಂದೂ ತಿಳಿಸುತ್ತಾನೆ. ಪಿಕಾರ್ಡನು ಮಾತನಾಡುವುದಿಲ್ಲ. ಕೋಪವೋ ಶೋಕವೋ ಪಶ್ಚಾತ್ತಾಪವೋ ಎಂದು ನಿಶ್ಚಯಿಸಲಾಗದ ಆ ಮುಖವನ್ನು ತೋರಿಸುತ್ತ ಕಥೆ ನಿಲ್ಲುತ್ತದೆ. ಮೊಮ್ಮಗನು, “ಮುಗಿಯಿತೇ ತಾತ, ಇಷ್ಟೇನಾ?” ಎಂದನು. ಅದೇ ಕಂತನ್ನು ಇನ್ನೊಂದು ಸಲ ಹಾಕೆಂದು ನಾನು ಹೇಳಿದೆನು.